ಇನ್‌ಬಾಕ್ಸ್‌ನಲ್ಲಿ ಕೆಲಸ ಕೂಡಿಡಬೇಡಿ

ಪ್ರಶ್ನೆ: ನಾಲ್ಕೈದು ಕ್ಲೈಂಟ್‌ಗಳಿಗೆ ವರದಿ ಬರೆದುಕೊಡುವ ಕೆಲಸ ನನ್ನದು. ಜಿಮೇಲ್, ಗೂಗಲ್ ಕ್ಯಾಲೆಂಡರ್, ಗೂಗಲ್ ಡಾಕ್ಸ್ ಮೂರನ್ನೂ ಉಚಿತ ಖಾತೆಯಲ್ಲೇ ಬಳಸುತ್ತೇನೆ. ಇನ್‌ಬಾಕ್ಸ್‌ನಲ್ಲಿ ಸಾವಿರಾರು ಮೇಲ್ ಇವೆ. ಮರೆಯಬಾರದು ಅಂತ ಮುಖ್ಯವಾದ ಮೇಲ್‌ಗಳನ್ನು ಓದಿದ ಮೇಲೂ ಅನ್‌ರೀಡ್ ಮಾಡಿ ಇಡುತ್ತೇನೆ, ಆದರೂ ಮರೆತುಹೋಗುತ್ತದೆ. ಒಂದೇ ವರದಿಯ ಐದಾರು ಪ್ರತಿ ಮೇಲ್‌ನಲ್ಲಿ ಓಡಾಡುತ್ತವೆ, ಕೊನೆಯದು ಯಾವುದು ಅಂತ ಗೊತ್ತಾಗುವುದಿಲ್ಲ. ಈಗ ಜಾಗ ಮುಗಿಯುತ್ತಿದೆ ಅನ್ನುವ ಎಚ್ಚರಿಕೆ ಬೇರೆ. ದುಡ್ಡು ಕೊಟ್ಟು ಬೇರೆ ಆ್ಯಪ್ ತಗೊಳ್ಳಬೇಕಾ?

ಉತ್ತರ: ಬೇರೆ ಆ್ಯಪ್ ಬೇಡ. ಇದೇ ಅಭ್ಯಾಸವನ್ನು ಅಲ್ಲಿಗೂ ತಗೊಂಡು ಹೋದರೆ ಸ್ವಲ್ಪ ದಿನಕ್ಕೆ ಅದೂ ಹೀಗೇ ತುಂಬಿಕೊಳ್ಳುತ್ತದೆ. ಓದಿದ ಮೇಲ್ ಅನ್ನು ಮತ್ತೆ ಅನ್‌ರೀಡ್ ಮಾಡಿ ಇಡುತ್ತೀರಿ ಅಂದಿರಲ್ಲ, ತೊಂದರೆ ಶುರುವಾಗುವುದು ಅಲ್ಲೇ. ಇನ್‌ಬಾಕ್ಸ್ ಮೇಲ್‌ಗಳನ್ನು ಬಂದ ಹೊತ್ತಿನ ಪ್ರಕಾರ ಜೋಡಿಸುತ್ತದೆ. ಆ ಕೆಲಸ ಯಾವತ್ತು ಮುಗಿಯಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಶುಕ್ರವಾರ ಕೊಡಬೇಕಾದ ವರದಿಯ ಮೇಲ್ ಸೋಮವಾರ ಬಂದಿದ್ದರೆ, ಗುರುವಾರದ ಹೊತ್ತಿಗೆ ಅದು ಎರಡನೇ ಪುಟಕ್ಕೆ ಇಳಿದಿರುತ್ತದೆ. ನೀವು ಮರೆಯುವುದು ನಿಮ್ಮ ತಪ್ಪಲ್ಲ, ಇಟ್ಟ ಜಾಗ ಸರಿಯಿಲ್ಲ.

ಹಾಗಾಗಿ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ದಿನಾಂಕ ಇರುವುದೆಲ್ಲ ಕ್ಯಾಲೆಂಡರ್‌ಗೆ ಹೋಗಲಿ. ಇನ್ನೊಬ್ಬರೂ ಕೈ ಹಾಕುವ ಬರಹ ಡಾಕ್ಸ್‌ಗೆ ಹೋಗಲಿ. ಉಳಿದದ್ದನ್ನು ಓದಿ, ಉತ್ತರ ಕೊಟ್ಟು, ಆರ್ಕೈವ್ ಮಾಡಿ. ಮುಂದೆ ಹೇಳುವುದೆಲ್ಲ ಈ ಮೂರನ್ನು ಸುಲಭ ಮಾಡಿಕೊಳ್ಳುವ ದಾರಿಗಳು.

ಮೊದಲು ಆರ್ಕೈವ್ ಬಗ್ಗೆ ಇರುವ ಭಯ ಹೋಗಲಿ. ತುಂಬಾ ಜನ ಅದನ್ನು ಡಿಲೀಟ್‌ನ ತಮ್ಮ ಅಂದುಕೊಂಡಿದ್ದಾರೆ. ಜಿಮೇಲ್‌ನಲ್ಲಿ ಇನ್‌ಬಾಕ್ಸ್ ಅನ್ನುವುದು ಒಂದು ಲೇಬಲ್ ಮಾತ್ರ, ಅಂದರೆ ಮೇಲ್‌ಗೆ ಅಂಟಿಸಿದ ಹೆಸರಿನ ಚೀಟಿ. ಆರ್ಕೈವ್ ಒತ್ತಿದರೆ ಆ ಲೇಬಲ್ ಕಳಚಿಕೊಳ್ಳುತ್ತದೆ, ಮೇಲ್ 'ಆಲ್ ಮೇಲ್'ನಲ್ಲಿ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಯಾರಾದರೂ ಅದಕ್ಕೆ ಉತ್ತರ ಬರೆದರೆ ಇಡೀ ಮಾತುಕತೆ ತಾನಾಗಿಯೇ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತದೆ. ಡಿಲೀಟ್ ಬೇರೆ. ಅದು ಟ್ರ್ಯಾಶ್‌ಗೆ ಹೋಗಿ 30 ದಿನದಲ್ಲಿ ಪೂರ್ತಿ ಅಳಿಸಿಹೋಗುತ್ತದೆ. ಸ್ಪ್ಯಾಮ್‌ಗೂ ಇದೇ 30 ದಿನದ ಲೆಕ್ಕ, ಅದಕ್ಕೇ ವಾರಕ್ಕೊಮ್ಮೆ ಸ್ಪ್ಯಾಮ್ ಒಳಗೆ ಇಣುಕಿ ನೋಡುವುದು ಒಳ್ಳೆಯದು.

ಈಗಾಗಲೇ ರಾಶಿ ಬಿದ್ದಿರುವ ಸಾವಿರಾರು ಮೇಲ್‌ಗಳನ್ನು ಒಂದೊಂದಾಗಿ ವಿಂಗಡಿಸಲು ಕೂರಬೇಡಿ, ಎರಡು ದಿನ ಹೋಗುತ್ತದೆ, ಬೇಸರ ಬಂದು ಅರ್ಧಕ್ಕೇ ಬಿಡುತ್ತೀರಿ. ಕಳೆದ ಒಂದು ತಿಂಗಳದ್ದನ್ನು ಮಾತ್ರ ಕೈಯಿಂದ ನೋಡಿ. ಅದಕ್ಕಿಂತ ಹಳೆಯದನ್ನು ಒಟ್ಟಿಗೆ ಆರ್ಕೈವ್ ಮಾಡಿ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಇನ್:ಇನ್‌ಬಾಕ್ಸ್' ಅಂತ ಬರೆಯಿರಿ, ಒಂದು ಸ್ಪೇಸ್ ಬಿಟ್ಟು 'ಓಲ್ಡರ್_ದ್ಯಾನ್:1ಎಂ' ಅಂತ ಬರೆಯಿರಿ. ಕೋಲನ್ ಅಕ್ಕಪಕ್ಕ ಸ್ಪೇಸ್ ಇರಬಾರದು. ಎಂ ಅಂದರೆ ತಿಂಗಳು, ವೈ ಹಾಕಿದರೆ ವರ್ಷ, ಡಿ ಹಾಕಿದರೆ ದಿನ. ಎಲ್ಲ ಆಯ್ಕೆ ಮಾಡುವ ಚೌಕ ಒತ್ತಿದರೆ ಕಣ್ಣಿಗೆ ಕಾಣುವ ಒಂದು ಪುಟ ಮಾತ್ರ ಆಯ್ಕೆಯಾಗುತ್ತದೆ. ಮೇಲೆ ಒಂದು ಸಾಲು ಬರುತ್ತದೆ ನೋಡಿ, ಈ ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸಿ ಅಂತ. ಅದನ್ನೂ ಒತ್ತಿ, ಆಮೇಲೆ ಆರ್ಕೈವ್. ಆ ಸಾಲನ್ನು ಗಮನಿಸದೆ ಐವತ್ತೈವತ್ತೇ ಆರಿಸಿಕೊಂಡು ಕೂರುವವರು ಬಹಳ ಜನ.

ಹುಡುಕುವ ವಿದ್ಯೆ ಬಂದರೆ ಫೋಲ್ಡರ್ ಮಾಡಿ ವಿಂಗಡಿಸುವ ಕೆಲಸ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ. ಸಂಕೇತ ನೆನಪಿಟ್ಟುಕೊಳ್ಳುವುದು ಕಷ್ಟ ಅನಿಸಿದರೆ ಹುಡುಕುವ ಪಟ್ಟಿಯ ಬಲತುದಿಯಲ್ಲಿರುವ ಗುರುತು ಒತ್ತಿ. ಯಾರಿಂದ, ಯಾರಿಗೆ, ವಿಷಯ, ಯಾವ ಪದ ಇರಬೇಕು, ಯಾವ ಪದ ಇರಬಾರದು, ಎಷ್ಟು ದೊಡ್ಡದು, ಅಟ್ಯಾಚ್‌ಮೆಂಟ್ ಇದೆಯಾ ಅಂತ ಕೇಳುವ ಒಂದು ಫಾರ್ಮ್ ತೆರೆಯುತ್ತದೆ. 'ಆ ಕ್ಲೈಂಟ್ ಕಳಿಸಿದ್ದ ಪಿಡಿಎಫ್ ಎಲ್ಲಿ' ಅನ್ನುವ ಪ್ರಶ್ನೆಗೆ ಉತ್ತರ ಎರಡು ಖಾನೆ ತುಂಬಿಸಿದರೆ ಸಿಕ್ಕಿಬಿಡುತ್ತದೆ.

ಅದೇ ಫಾರ್ಮ್‌ನ ಕೆಳಗೆ ಫಿಲ್ಟರ್ ಮಾಡುವ ಆಯ್ಕೆ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್, ನೀವೇ ಬೇಕು ಅಂತ ತರಿಸಿಕೊಳ್ಳುವ ಸುದ್ದಿಪತ್ರಗಳಿಗೆ ಫಿಲ್ಟರ್ ಹಾಕಿ, ಇನ್‌ಬಾಕ್ಸ್‌ಗೆ ಬರದೆ ನೇರ ಒಂದು ಲೇಬಲ್‌ಗೆ ಹೋಗುವ ಹಾಗೆ ಮಾಡಿ. ಹಳೆಯ ಮೇಲ್‌ಗಳಿಗೂ ಅನ್ವಯಿಸಬೇಕಾ ಅಂತ ಕೇಳುವ ಚೌಕಕ್ಕೆ ಟಿಕ್ ಹಾಕಿದರೆ ಹಿಂದಿನದೂ ಅಚ್ಚುಕಟ್ಟಾಗುತ್ತದೆ. ಕ್ಲೈಂಟ್‌ಗಳ ಮೇಲ್‌ಗೆ ಮಾತ್ರ ಇನ್‌ಬಾಕ್ಸ್ ತಪ್ಪಿಸುವ ಫಿಲ್ಟರ್ ಹಾಕಲೇಬೇಡಿ. ಅವರ ವಿಳಾಸಕ್ಕೆ ಹಾಕಬೇಕಾದ ಫಿಲ್ಟರ್ ಒಂದೇ: ಎಂದೂ ಸ್ಪ್ಯಾಮ್‌ಗೆ ಕಳಿಸಬೇಡ ಅನ್ನುವುದು. ಕೆಲಸ ಕೊಡುವವರ ಮೇಲ್ ಸ್ಪ್ಯಾಮ್‌ನಲ್ಲಿ ಸಿಕ್ಕಿಕೊಂಡರೆ ನಷ್ಟ ನಿಮಗೇ ಅಲ್ವಾ?

ಇನ್ನೊಂದು ಚಿಕ್ಕ ಉಪಾಯ. ನಿಮ್ಮ ವಿಳಾಸದಲ್ಲಿ ಹೆಸರಿನ ನಂತರ, ಅಟ್ ಗುರುತಿಗೆ ಮುಂಚೆ, ಪ್ಲಸ್ ಹಾಕಿ ಯಾವ ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಎಲ್ಲೋ ನೋಂದಾಯಿಸುವಾಗ ಪ್ಲಸ್ ಹಾಕಿ ಆ ಸೈಟಿನ ಹೆಸರು ಸೇರಿಸಿ ಕೊಡಿ. ಆ ವಿಳಾಸಕ್ಕೆ ಬಂದದ್ದಕ್ಕೆಲ್ಲ ಒಂದೇ ಫಿಲ್ಟರ್ ಸಾಕು, ಯಾರು ನಿಮ್ಮ ವಿಳಾಸವನ್ನು ಬೇರೆಯವರಿಗೆ ಕೊಟ್ಟರು ಅನ್ನುವುದೂ ಗೊತ್ತಾಗುತ್ತದೆ. ಕೆಲವು ಸೈಟ್‌ಗಳು ಪ್ಲಸ್ ಇರುವ ವಿಳಾಸ ಒಪ್ಪುವುದಿಲ್ಲ, ಅಲ್ಲಿ ಮಾಮೂಲಿ ವಿಳಾಸವನ್ನೇ ಕೊಡಬೇಕು.

ಕಳಿಸಿದ್ದನ್ನು ತಡೆಯುವ 'ಅಂಡೂ ಸೆಂಡ್' ನಿಮ್ಮಲ್ಲಿ ಈಗಾಗಲೇ ಇದೆ, ಆದರೆ ಅದಕ್ಕೆ ಬರೀ 5 ಸೆಕೆಂಡ್ ಕೊಟ್ಟಿರುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ 30 ಸೆಕೆಂಡ್ ಮಾಡಿ, ಇವತ್ತೇ ಮಾಡಿ. ಇದು ಹೋದ ಮೇಲ್ ಅನ್ನು ವಾಪಸ್ ಎಳೆಯುವ ಸೌಲಭ್ಯ ಅಂದುಕೊಳ್ಳಬೇಡಿ. ಜಿಮೇಲ್ ಅಷ್ಟು ಹೊತ್ತು ಕಳಿಸದೆ ತಡೆದು ಹಿಡಿದಿರುತ್ತದೆ, 30 ಸೆಕೆಂಡ್ ದಾಟಿತೆಂದರೆ ಯಾರೂ ಏನೂ ಮಾಡಲಾಗುವುದಿಲ್ಲ. ಮುಖ್ಯವಾದ ಮೇಲ್ ಬರೆಯುವಾಗ ಯಾರಿಗೆ ಅನ್ನುವ ಖಾನೆಯನ್ನು ಕೊನೆಗೆ ತುಂಬಿ. ಫೈಲ್ ಸೇರಿಸಿ, ಬರೆದದ್ದನ್ನು ಓದಿ, ಆಮೇಲೆ ವಿಳಾಸ.

ಈಗ ಕ್ಯಾಲೆಂಡರ್. ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ, ಆದರೆ ಹೆಚ್ಚಿನವರು ಮೀಟಿಂಗ್‌ಗೆ ಮಾತ್ರ ಬಳಸುತ್ತಾರೆ.

ದಿನಾಂಕ ಇರುವ ಮೇಲ್ ಬಂತು ಅಂದುಕೊಳ್ಳಿ. ಮೇಲ್ ತೆರೆದು ಮೇಲಿನ ಪಟ್ಟಿಯ ಮೂರು ಚುಕ್ಕಿ ಒತ್ತಿದರೆ 'ಕ್ರಿಯೇಟ್ ಈವೆಂಟ್' ಅಂತ ಇದೆ. ಅದನ್ನು ಆರಿಸಿದರೆ ಮೇಲ್‌ನ ವಿಷಯವೇ ಈವೆಂಟ್‌ನ ಹೆಸರಾಗುತ್ತದೆ, ಒಳಗಿನ ಮಾತು ವಿವರಣೆಯಲ್ಲಿ ಬಂದು ಕೂರುತ್ತದೆ. ದಿನ, ಹೊತ್ತು ನೋಡಿ ಸೇವ್ ಮಾಡಿ, ಮೇಲ್ ಆರ್ಕೈವ್ ಮಾಡಿ, ಅಷ್ಟೇ. ಒಂದು ಎಚ್ಚರಿಕೆ: ಆ ಮೇಲ್‌ನಲ್ಲಿದ್ದ ಎಲ್ಲರೂ ಈವೆಂಟ್‌ಗೆ ಅತಿಥಿಗಳಾಗಿ ಸೇರಿಕೊಂಡಿರುತ್ತಾರೆ. ಇದು ನಿಮ್ಮ ಸ್ವಂತ ನೆನಪಿಗೆ ಮಾತ್ರ ಆಗಿದ್ದರೆ ಸೇವ್ ಮಾಡುವ ಮುಂಚೆ ಅವರನ್ನು ತೆಗೆಯಿರಿ. ಇಲ್ಲದಿದ್ದರೆ 'ರಾತ್ರಿ ಕೂತು ವರದಿ ಮುಗಿಸಬೇಕು' ಅನ್ನುವ ನಿಮ್ಮ ಟಿಪ್ಪಣಿ ಕ್ಲೈಂಟ್‌ನ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ.

ಗಡುವಿನ ದಿನವನ್ನು ಗುರುತು ಮಾಡಿದರೆ ಮುಗಿಯಲಿಲ್ಲ. ವರದಿ ಶುಕ್ರವಾರ ಕೊಡಬೇಕು ಅಂತ ಶುಕ್ರವಾರಕ್ಕೆ ಬರೆದರೆ ಶುಕ್ರವಾರ ಬೆಳಿಗ್ಗೆ ಗಾಬರಿಯಾಗುವುದಕ್ಕೆ ಅನುಕೂಲ ಅಷ್ಟೇ. ಅದನ್ನು ಬರೆಯುವ ಹೊತ್ತನ್ನು ಕ್ಯಾಲೆಂಡರ್‌ನಲ್ಲಿ ಹಿಡಿದಿಡಿ. ಬುಧವಾರ ಹತ್ತರಿಂದ ಹನ್ನೆರಡು, ಗುರುವಾರ ಎರಡರಿಂದ ನಾಲ್ಕು, ಹೀಗೆ. ಆಗ ನಿಮ್ಮ ವಾರದಲ್ಲಿ ನಿಜವಾಗಿ ಎಷ್ಟು ಖಾಲಿ ಹೊತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಹೊಸ ಕೆಲಸ ಒಪ್ಪಿಕೊಳ್ಳುವ ಮುಂಚೆ ಅದನ್ನು ನೋಡಿಯೇ ಮಾತಾಡಬಹುದು. ನನ್ನ ಮಟ್ಟಿಗೆ ಕ್ಯಾಲೆಂಡರ್‌ನಿಂದ ಸಿಗುವ ದೊಡ್ಡ ಲಾಭ ಇದೇ. ಜ್ಞಾಪನೆ ಒಂದೇ ಸಲ ಬರಬೇಕು ಅಂತೇನೂ ಇಲ್ಲ. ಒಂದೇ ಈವೆಂಟ್‌ಗೆ ಎರಡು ದಿನ ಮುಂಚೆ ಒಂದು, ಒಂದು ಗಂಟೆ ಮುಂಚೆ ಇನ್ನೊಂದು ಅಂತ ಹಾಕಬಹುದು. ಬೇಕಿದ್ದರೆ ಒಂದನ್ನು ಮೇಲ್ ಆಗಿಯೂ ತರಿಸಿಕೊಳ್ಳಬಹುದು.

ಇಂಥ ಹೊತ್ತಿಗೇ ಮಾಡಬೇಕು ಅಂತಿಲ್ಲದ ಸಣ್ಣ ಕೆಲಸಗಳಿಗೆ ಜಿಮೇಲ್‌ನ ಬಲಬದಿಯಲ್ಲಿರುವ ಟಾಸ್ಕ್ಸ್ ಸಾಕು. ಮೇಲ್ ಅನ್ನು ಹಾಗೇ ಟಾಸ್ಕ್ ಮಾಡಬಹುದು, ಮೂಲ ಮೇಲ್‌ಗೆ ಹೋಗುವ ಲಿಂಕ್ ಅದರ ಜೊತೆಗೇ ಇರುತ್ತದೆ, ದಿನಾಂಕ ಕೊಟ್ಟರೆ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ. ಬೇರೆಯವರ ಉತ್ತರಕ್ಕೆ ಕಾಯುತ್ತಿದ್ದರೆ ಸ್ನೂಜ್ ಒಳ್ಳೆಯದು. ಮಂಗಳವಾರಕ್ಕೆ ಸ್ನೂಜ್ ಮಾಡಿದ ಮೇಲ್ ಅಲ್ಲಿಯವರೆಗೆ ಕಣ್ಣಿಗೆ ಬೀಳದೆ ಮಂಗಳವಾರ ಇನ್‌ಬಾಕ್ಸ್‌ನ ಮೇಲೆ ಬಂದು ಕೂರುತ್ತದೆ. ಒಂದೇ ಮೇಲ್ ಅನ್ನು ಮೂರನೇ ಸಲ ಸ್ನೂಜ್ ಮಾಡುತ್ತಿದ್ದೀರಿ ಅಂದರೆ ಮಾತ್ರ ಅದಕ್ಕೆ ಕ್ಯಾಲೆಂಡರ್‌ನಲ್ಲಿ ಹೊತ್ತು ಕೊಡಬೇಕು, ಇಲ್ಲವೇ 'ಆಗುವುದಿಲ್ಲ' ಅಂತ ಉತ್ತರ ಕೊಡಬೇಕು.

ಒಂದೊಂದು ಕ್ಲೈಂಟ್‌ಗೆ ಒಂದೊಂದು ಕ್ಯಾಲೆಂಡರ್ ಮಾಡಿ, ಬೇರೆ ಬೇರೆ ಬಣ್ಣ ಕೊಡಿ. ಕಂಪ್ಯೂಟರ್‌ನಲ್ಲಿ ಮಾಡಿದರೆ ಸಾಕು, ಫೋನ್‌ನಲ್ಲಿ ತಾನಾಗಿಯೇ ಬರುತ್ತದೆ. ಹೀಗೆ ಬೇರೆ ಮಾಡಿದರೆ ಹಂಚಿಕೊಳ್ಳುವುದೂ ಸುಲಭ. ಎಲ್ಲ ವಿವರ ತೋರಿಸಬಹುದು, ಅಥವಾ ನೀವು ಬಿಡುವಾಗಿದ್ದೀರಾ ಇಲ್ಲವಾ ಅನ್ನುವುದನ್ನು ಮಾತ್ರ ತೋರಿಸಬಹುದು. ಹೊರಗಿನವರಿಗೆ ಎರಡನೆಯದನ್ನೇ ಕೊಡಿ. ಒಬ್ಬ ಕ್ಲೈಂಟ್‌ನ ಹೆಸರು ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಬೇರೆ ದೇಶದ ಕ್ಲೈಂಟ್ ಇದ್ದರೆ ಟೈಮ್ ಝೋನ್ ಕಡೆ ಗಮನ ಕೊಡಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ವಾರವಾರದ ಮೀಟಿಂಗ್ ಅನ್ನು ನಿಮ್ಮ ಟೈಮ್ ಝೋನ್‌ನಲ್ಲಿ ಹಾಕಿದ್ದರೆ ಆ ದಿನದಿಂದ ಅವರಿಗೆ ಹೊತ್ತು ಬದಲಾಗುತ್ತದೆ, ಅವರದರಲ್ಲಿ ಹಾಕಿದ್ದರೆ ನಿಮಗೆ ಬದಲಾಗುತ್ತದೆ. ಯಾರ ಹೊತ್ತು ಸ್ಥಿರವಾಗಿರಬೇಕು ಅಂತ ಮೊದಲೇ ಮಾತಾಡಿಕೊಂಡು, ಈವೆಂಟ್ ಹಾಕುವಾಗ ಹೊತ್ತಿನ ಪಕ್ಕದಲ್ಲೇ ಇರುವ ಟೈಮ್ ಝೋನ್ ಆಯ್ಕೆಯಲ್ಲಿ ಆ ಊರನ್ನು ಆರಿಸಿ.

ಗೊತ್ತಿಲ್ಲದವರ ಆಹ್ವಾನಗಳು ನಿಮ್ಮ ಕ್ಯಾಲೆಂಡರ್‌ನಲ್ಲಿ ತಾವಾಗಿಯೇ ಬಂದು ಕೂರುತ್ತಿದ್ದರೆ, ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ ಪರಿಚಿತರ ಆಹ್ವಾನ ಮಾತ್ರ ಸೇರಲಿ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿ. ಅಂಥ ಆಹ್ವಾನದ ಒಳಗಿನ ಲಿಂಕ್ ಒತ್ತಲೇಬೇಡಿ.

ಇನ್ನು ಐದಾರು ಪ್ರತಿ ಓಡಾಡುವ ವರದಿಯ ವಿಷಯ. ಫೈಲ್ ಅಟ್ಯಾಚ್ ಮಾಡಿ ಕಳಿಸಿದ ಕ್ಷಣಕ್ಕೆ ಎರಡು ಪ್ರತಿ ಆಯಿತು. ಅವರು ತಿದ್ದಿ ವಾಪಸ್ ಕಳಿಸಿದರೆ ಮೂರು. ಅಷ್ಟರಲ್ಲಿ ನೀವು ನಿಮ್ಮದರಲ್ಲಿ ಒಂದು ಸಾಲು ಬದಲಿಸಿದ್ದರೆ ಮುಗಿಯಿತು. ಇದಕ್ಕೆ ಪರಿಹಾರ ಒಂದೇ, ವರದಿ ಒಂದು ಡಾಕ್ ಆಗಿ ಒಂದೇ ಕಡೆ ಇರಲಿ, ಮೇಲ್‌ನಲ್ಲಿ ಅದರ ಲಿಂಕ್ ಮಾತ್ರ ಓಡಾಡಲಿ. ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಫೈಲ್ ಹೇಗಿದ್ದರೂ ಡ್ರೈವ್ (ನಿಮ್ಮ ಫೈಲ್‌ಗಳನ್ನು ಗೂಗಲ್ ಇಡುವ ಜಾಗ) ಲಿಂಕ್ ಆಗಿಯೇ ಹೋಗುತ್ತದೆ.

ಹಂಚುವಾಗ ಮೂರು ಅಧಿಕಾರ ಇವೆ: ನೋಡುವುದು, ಕಾಮೆಂಟ್ ಮಾಡುವುದು, ತಿದ್ದುವುದು. ಕ್ಲೈಂಟ್‌ಗೆ ಕಾಮೆಂಟ್ ಮಾಡುವ ಅಧಿಕಾರ ಕೊಡಿ. ಅವರು ಬರೆದದ್ದು ಸಲಹೆಯಾಗಿ ಬೇರೆ ಬಣ್ಣದಲ್ಲಿ ಕಾಣುತ್ತದೆ, ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿರುತ್ತದೆ. ತಿದ್ದುವ ಅಧಿಕಾರ ಇದ್ದವರೂ ಮೇಲೆ ಬಲಗಡೆ 'ಸಜೆಸ್ಟಿಂಗ್' ಆರಿಸಿಕೊಂಡು ಇದೇ ರೀತಿ ಕೆಲಸ ಮಾಡಬಹುದು. ಲಿಂಕ್ ಇದ್ದ ಯಾರು ಬೇಕಾದರೂ ತೆರೆಯಬಹುದು ಅನ್ನುವ ಆಯ್ಕೆ ಸುಲಭ ಅನಿಸುತ್ತದೆ, ಆದರೆ ಆ ಲಿಂಕ್ ಯಾರ ಕೈಗೆ ಹೋಗುತ್ತದೆ ಅನ್ನುವುದು ನಿಮಗೆ ತಿಳಿಯುವುದೇ ಇಲ್ಲ. ಲೆಕ್ಕ, ಸಂಬಳ, ಗುರುತಿನ ದಾಖಲೆ ಇರುವ ಫೈಲ್‌ಗೆ ಅದು ಬೇಡವೇ ಬೇಡ. ಹೆಸರು ಹಾಕಿ ಹಂಚಿ, ಕೆಲಸ ಮುಗಿದ ಮೇಲೆ ಹೆಸರು ತೆಗೆಯಿರಿ.

ಡಾಕ್ಸ್‌ನಲ್ಲಿ ಎಲ್ಲರೂ ಕಲಿಯಲೇಬೇಕಾದದ್ದು 'ವರ್ಷನ್ ಹಿಸ್ಟರಿ'. ಫೈಲ್ ಮೆನುವಿನಲ್ಲಿ ಇದೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಅಲ್ಲಿ ಬಣ್ಣಬಣ್ಣವಾಗಿ ಕಾಣುತ್ತದೆ. ವರದಿ ಕಳಿಸುವ ಮುಂಚೆ ಆಗಿನ ಸ್ಥಿತಿಗೆ ಒಂದು ಹೆಸರು ಕೊಡಿ, 'ಮೊದಲ ಕರಡು', 'ಕ್ಲೈಂಟ್ ಒಪ್ಪಿದ್ದು' ಅಂತ. ಫೈಲ್ ಹೆಸರಿನ ಕೊನೆಗೆ ಫೈನಲ್, ಫೈನಲ್ 2 ಅಂತ ಸೇರಿಸುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಸ್ಥಿತಿಗೆ ವಾಪಸ್ ಹೋದರೆ ಹೊಸದು ಹಾಳಾಗುತ್ತದೆ ಅನ್ನುವ ಹೆದರಿಕೆಯೂ ಬೇಡ, ಅದೂ ಪಟ್ಟಿಯಲ್ಲಿ ಉಳಿದಿರುತ್ತದೆ.

ಆದರೆ ಇದರ ಇನ್ನೊಂದು ಮುಖ ಹಲವರಿಗೆ ಗೊತ್ತಿಲ್ಲ. ತಿದ್ದುವ ಅಧಿಕಾರ ಇರುವ ಪ್ರತಿಯೊಬ್ಬರಿಗೂ ಈ ಇತಿಹಾಸ ಕಾಣುತ್ತದೆ. ಒಬ್ಬ ಕ್ಲೈಂಟ್‌ನ ವರದಿಯನ್ನೇ ತೆರೆದು, ಅಂಕಿ ಅಳಿಸಿ, ಇನ್ನೊಬ್ಬರದನ್ನು ಬರೆದು, ಅದೇ ಡಾಕ್ ಅನ್ನು ಅವರಿಗೆ ತಿದ್ದಲು ಕೊಟ್ಟರೆ ಮೊದಲನೆಯವರ ಅಂಕಿಗಳು ಇತಿಹಾಸದಲ್ಲಿ ಹಾಗೇ ಸಿಗುತ್ತವೆ. ಹಾಗಾಗಿ ಹೊಸ ಕ್ಲೈಂಟ್‌ಗೆ ಯಾವಾಗಲೂ ಫೈಲ್ ಮೆನುವಿನಿಂದ 'ಮೇಕ್ ಎ ಕಾಪಿ' ಮಾಡಿ, ಆ ಪ್ರತಿಯಲ್ಲಿ ಅಂಕಿ ಬದಲಿಸಿ ಮುಗಿದ ಮೇಲೆ ಮತ್ತೊಂದು ಕಾಪಿ ಮಾಡಿ, ಎರಡನೆಯದನ್ನು ಹಂಚಿ. ಕಾಪಿಗೆ ಹಳೆಯ ಇತಿಹಾಸ ಬರುವುದಿಲ್ಲ. ಇದಕ್ಕಿಂತ ಒಳ್ಳೆಯದು ಅಂಕಿ ಹೆಸರು ಏನೂ ಇಲ್ಲದ ಖಾಲಿ ನಮೂನೆಯೊಂದನ್ನು ಮಾಡಿಟ್ಟುಕೊಂಡು, ಪ್ರತಿ ಸಲ ಅದರಿಂದಲೇ ಶುರು ಮಾಡುವುದು. ನಮೂನೆಯ ಲಿಂಕ್‌ನ ಕೊನೆಯಲ್ಲಿ ಎಡಿಟ್ ಅಂತ ಇರುವ ಕಡೆಯಿಂದ ಮುಂದಿನದನ್ನು ಅಳಿಸಿ ಕಾಪಿ ಅಂತ ಇಂಗ್ಲಿಷ್‌ನಲ್ಲಿ ಬರೆದು ಕಳಿಸಿದರೆ, ತೆರೆದವರಿಗೆ ನೇರವಾಗಿ ತಮ್ಮದೇ ಪ್ರತಿ ಮಾಡಿಕೊಳ್ಳುವ ಬಟನ್ ಬರುತ್ತದೆ, ನಿಮ್ಮ ಮೂಲಕ್ಕೆ ಯಾರ ಕೈಯೂ ತಾಗುವುದಿಲ್ಲ.

ಸುಮ್ನೆ ಇನ್ನೆರಡು ಮಾತು. ಇಂಟರ್‌ನೆಟ್ ಕೈಕೊಡುವ ಜಾಗಕ್ಕೆ ಹೋಗುವುದಿದ್ದರೆ ಮುಂಚೆಯೇ ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಿಟ್ಟುಕೊಳ್ಳಿ, ಹೋದ ಮೇಲೆ ಆಗುವುದಿಲ್ಲ. ಟೈಪ್ ಮಾಡಿ ಕೈ ನೋವು ಬಂದರೆ ಕ್ರೋಮ್‌ನಲ್ಲಿ ಟೂಲ್ಸ್ ಮೆನುವಿನ ವಾಯ್ಸ್ ಟೈಪಿಂಗ್‌ಗೆ ಹೋಗಿ ಕನ್ನಡ ಆರಿಸಿ ಮಾತಾಡಿ. ಕರಡಿಗೆ ಸಾಕಾಗುವಷ್ಟು ಚೆನ್ನಾಗಿದೆ, ಪೂರ್ಣವಿರಾಮ ಗಿರಾಮಗಳನ್ನು ಆಮೇಲೆ ಕೈಯಿಂದ ಹಾಕಿಕೊಳ್ಳಿ.

ಜಾಗದ ಎಚ್ಚರಿಕೆಗೆ ಬರೋಣ, ಇದನ್ನು ಮುಂದಕ್ಕೆ ಹಾಕುವ ಹಾಗಿಲ್ಲ. ಉಚಿತ ಖಾತೆಗೆ ಸಾಮಾನ್ಯವಾಗಿ ಸಿಗುವುದು 15 ಜಿಬಿ, ಅದು ಜಿಮೇಲ್, ಡ್ರೈವ್, ಗೂಗಲ್ ಫೋಟೋಸ್ ಮೂರಕ್ಕೂ ಸೇರಿ. ತುಂಬಿದರೆ ನಿಮಗೆ ಮೇಲ್ ಬರುವುದೇ ನಿಲ್ಲುತ್ತದೆ, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಜಾಗ ತಿನ್ನುವುದು ಮೇಲ್‌ನ ಮಾತುಗಳಲ್ಲ, ಅಟ್ಯಾಚ್‌ಮೆಂಟ್‌ಗಳು. ಆರ್ಕೈವ್ ಮಾಡಿದರೂ ಅವು ಖಾತೆಯಲ್ಲೇ ಇರುತ್ತವೆ, ಅದರಿಂದ ಒಂದು ಚೂರೂ ಜಾಗ ಉಳಿಯುವುದಿಲ್ಲ. ಹುಡುಕುವಲ್ಲಿ 'ಲಾರ್ಜರ್:10ಎಂ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳಷ್ಟೇ ಬರುತ್ತವೆ. ಬೇಕಾದ ಫೈಲ್ ಇಳಿಸಿಕೊಂಡು ಮೇಲ್ ಡಿಲೀಟ್ ಮಾಡಿ, ಟ್ರ್ಯಾಶ್ ಕೂಡ ಖಾಲಿ ಮಾಡಿ, ಯಾಕೆಂದರೆ ಟ್ರ್ಯಾಶ್‌ನಲ್ಲಿ ಇರುವವರೆಗೂ ಅದು ಲೆಕ್ಕಕ್ಕೆ ಬರುತ್ತದೆ. ಡ್ರೈವ್‌ನಲ್ಲಿ ಎಡಗಡೆ 'ಸ್ಟೋರೇಜ್' ಒತ್ತಿದರೆ ದೊಡ್ಡ ಫೈಲ್‌ಗಳು ಮೇಲಿನಿಂದ ಸಾಲಾಗಿ ಬರುತ್ತವೆ. ಬೇರೆಯವರು ನಿಮಗೆ ಹಂಚಿದ ಫೈಲ್ ನಿಮ್ಮ ಜಾಗ ತಿನ್ನುವುದಿಲ್ಲ, ಅವರ ಖಾತೆಯಲ್ಲೇ ಎಣಿಕೆಯಾಗುತ್ತದೆ, ಅದನ್ನು ತೆಗೆದು ಪ್ರಯೋಜನವಿಲ್ಲ. ಫೋಟೋಗಳಲ್ಲಿ 2021ರ ಜೂನ್ 1ರಿಂದ ಈಚೆಗೆ ಏರಿಸಿದವು ಚಿಕ್ಕ ಗಾತ್ರದವಾದರೂ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನ್ ಆಗಿದ್ದರೆ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಇದರಲ್ಲೇ ಬರುತ್ತದೆ. ಬ್ಯಾಕಪ್‌ನಿಂದ ವಿಡಿಯೊ ಬಿಟ್ಟರೆ ಎಷ್ಟೋ ಜಾಗ ಉಳಿಯುತ್ತದೆ. ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಜಾಗಕ್ಕೆ ಮಾತ್ರ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ.

ಕೊನೆಯದು ಖಾತೆಯ ಭದ್ರತೆ. ನೀವು ಕೇಳಿಲ್ಲ, ಆದರೆ ನಿಮ್ಮ ಇಡೀ ದುಡಿಮೆ ಒಂದು ಪಾಸ್‌ವರ್ಡ್ ಹಿಂದೆ ಕೂತಿದೆ. ಎರಡು ಹಂತದ ದೃಢೀಕರಣ ಆನ್ ಮಾಡಿ, ಅಂದರೆ ಪಾಸ್‌ವರ್ಡ್ ಜೊತೆಗೆ ಫೋನ್‌ನಂಥ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ. ಆಮೇಲೆ ಬ್ಯಾಕಪ್ ಕೋಡ್ ಕೊಡುತ್ತಾರೆ, 10 ಕೋಡ್‌ಗಳು, ಒಂದೊಂದನ್ನು ಒಂದೇ ಸಲ ಬಳಸಬಹುದು. ಕಾಗದದ ಮೇಲೆ ಪ್ರಿಂಟ್ ಮಾಡಿ ಜೋಪಾನವಾಗಿ ಇಡಿ, ಫೋನ್ ಕಳೆದ ದಿನ ಅವೇ ಗತಿ. ಖಾತೆಗೆ ಜೋಡಿಸಿದ ಫೋನ್ ನಂಬರ್ ಈಗಲೂ ನಿಮ್ಮದೇ ಇದೆಯಾ ನೋಡಿಕೊಳ್ಳಿ. ಬೇರೆ ಯಾರೋ ಖಾತೆಯೊಳಗೆ ಬಂದಿದ್ದಾರೆ ಅನ್ನುವ ಅನುಮಾನ ಬಂದರೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್‌ಗಳ ಪಟ್ಟಿಯನ್ನೂ ಫಾರ್ವರ್ಡಿಂಗ್ ಪುಟವನ್ನೂ ತೆರೆದು ನೋಡಿ. ನಿಮ್ಮ ಮೇಲ್‌ಗಳ ಪ್ರತಿ ಸದ್ದಿಲ್ಲದೆ ತಮಗೆ ಬರುವ ಹಾಗೆ ಅಲ್ಲಿ ಒಂದು ಸಾಲು ಹಾಕಿ ಹೋಗಿರುತ್ತಾರೆ, ಪಾಸ್‌ವರ್ಡ್ ಬದಲಿಸಿದರೂ ಅದು ಅಳಿಯುವುದಿಲ್ಲ. ಹಳೆಯ ಎರಡನೇ ಖಾತೆ ಏನಾದರೂ ಇದ್ದರೆ ಆಗಾಗ ತೆರೆಯುತ್ತಿರಿ, ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಎಲ್ಲದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ: ಗೂಗಲ್ ಟೇಕ್‌ಔಟ್‌ನಲ್ಲಿ ಮೇಲ್, ಕ್ಯಾಲೆಂಡರ್, ಡ್ರೈವ್ ಆರಿಸಿದರೆ ಅವನ್ನು ಕಟ್ಟಿ ಇಳಿಸಿಕೊಳ್ಳುವ ಲಿಂಕ್ ಕಳಿಸುತ್ತಾರೆ. ಆ ಲಿಂಕ್ ಕೆಲವೇ ದಿನ ಇರುತ್ತದೆ, ಬಂದ ಕೂಡಲೇ ಇಳಿಸಿಕೊಂಡು ಹಾರ್ಡ್‌ಡಿಸ್ಕ್‌ಗೆ ಹಾಕಿ.